ದೊಡ್ಡಪ್ಪನ ಗಿಟಾರ್ ಕೂಗುತ್ತದೆ, ಏನು ಮಾಡಲಿ?

(ಗಿಟಾರ್ ಮೇಷ್ಟರಿಗೆ ಓದುಗರ ಪ್ರಶ್ನೆಗಳು)

ಪ್ರಶ್ನೆ: ಮೇಷ್ಟ್ರೇ, ನಮ್ಮ ದೊಡ್ಡಪ್ಪ ಹಿಂದೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ ಎಲೆಕ್ಟ್ರಿಕ್ ಗಿಟಾರನ್ನು ಅಟ್ಟದಿಂದ ಇಳಿಸಿದ್ದೇನೆ. ಕೆಂಪು ಬಣ್ಣ, ಎರಡೂ ಕಡೆ ಎಫ್ ಆಕಾರದ ತೂತು. ಸಣ್ಣಗೆ ನುಡಿಸಿದರೆ ತುಂಬ ಇಂಪು. ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಜೋರು ಮಾಡಿದರೆ ಕೂಗೋಕೆ ಶುರು ಮಾಡುತ್ತದೆ. ನಮ್ಮ ಬಡಗಿ ನೋಡಿ, "ಇದು ಪ್ಲೈವುಡ್ಡು ಸ್ವಾಮಿ, ತೂತಿಗೆ ಫೋಮ್ ತುಂಬಿ, ಹೊಸ ಪಾಲಿಷ್ ಹೊಡೆಸಿ" ಅಂದರು. ಹೊಡೆಸಲಾ? ಇದಕ್ಕೆ ಲಕ್ಷಗಟ್ಟಲೆ ಬೆಲೆ ಇದೆಯಾ?
— ಓದುಗ, ಮಂಡ್ಯ

ಉತ್ತರ: ಪಾಲಿಷ್ ಬೇಡವೇ ಬೇಡ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ನೀವು ಉತ್ತರ ಓದಿ ಮುಗಿಸೋದರೊಳಗೆ ಬಡಗಿ ಮರಳು ಕಾಗದ ಹಿಡಿದು ಕೂತಿದ್ದರೆ ಕಷ್ಟ.

ಪ್ಲೈವುಡ್ ಅಂದದ್ದು ಸರಿಯೇ. ಅದರಲ್ಲಿ ನಾಚಿಕೆ ಪಡೋದು ಏನೂ ಇಲ್ಲ. ಈ ಜಾತಿಯ ಗಿಟಾರ್‌ಗಳಿಗೆಲ್ಲ ಹಿರಿಯಣ್ಣ 1958ರಲ್ಲಿ ಬಂದ, ಅಮೆರಿಕದ ಗಿಬ್ಸನ್ ಕಂಪನಿಯ ಇಎಸ್-335. ಅದರ ಮೈಯೂ ಪದರ ಪದರ ಅಂಟಿಸಿದ ಹಲಗೆಯೇ. ಹೊರಗೆ ಮೇಪಲ್, ನಡುವೆ ಪಾಪ್ಲರ್. ಇವತ್ತು ಸಂಗ್ರಹಕಾರರು ಕಾರಿನ ದುಡ್ಡು ಕೊಟ್ಟು ಕೊಳ್ಳುವುದೂ ಇದೇ ಪ್ಲೈವುಡ್ಡನ್ನೇ. ಅಂಟಿಸಿದ ಹಲಗೆ ಬಿಸಿಲಿಗೆ ಬೇಗ ಸೀಳು ಬಿಡುವುದಿಲ್ಲ. ಅಷ್ಟು ವರ್ಷ ಮಂಡ್ಯದ ಅಟ್ಟದಲ್ಲಿ ಬೆಂದರೂ ನಿಮ್ಮ ಗಿಟಾರ್ ಬಿರುಕು ಬಿಟ್ಟಿಲ್ಲ ಅಂದರೆ ಅದಕ್ಕೂ ಒಂದಿಷ್ಟು ಕಾರಣ ಇದೇ.

ಈಗ ಕೂಗಿನ ವಿಷಯ. ಮದುವೆ ಮನೆ ಮೈಕು ಸ್ಪೀಕರ್ ಎದುರು ಹೋದರೆ ಕುಂಯ್ ಅನ್ನುತ್ತದಲ್ವಾ, ಇದೂ ಅದೇ. ಆಂಪಿನಿಂದ ಬಂದ ಸದ್ದು ಗಿಟಾರಿನ ಮೇಲ್ಹಲಗೆಯನ್ನು ಅದುರಿಸುತ್ತದೆ. ಹಲಗೆ ತಂತಿಯನ್ನು ಅದುರಿಸುತ್ತದೆ. ತಂತಿಯ ಅದುರನ್ನು ಪಿಕಪ್ ಹಿಡಿದು ಮತ್ತೆ ಆಂಪಿಗೇ ಕಳಿಸುತ್ತದೆ. ಸುತ್ತು ಮುಗಿಯುವುದೇ ಇಲ್ಲ. ಹಿಂದಿನ ಎಲೆಕ್ಟ್ರಿಕ್ ಗಿಟಾರ್‌ಗಳು ಒಳಗೆ ಪೂರ್ತಿ ಟೊಳ್ಳು, ಹಾಗಾಗಿ ಈ ಕಾಟ ವಿಪರೀತ. ಅಮೆರಿಕದ ಗಿಟಾರ್ ವಾದಕ ಲೆಸ್ ಪಾಲ್ 1940ರ ಸುಮಾರಿಗೆ ನಾಲ್ಕು ಇಂಚು ದಪ್ಪದ ಪೈನ್ ತೊಲೆಗೇ ತಂತಿ, ಪಿಕಪ್ ಹಾಕಿ ನೋಡಿದರು. ನೋಡೋಕೆ ಗಿಟಾರಿನಂತೆ ಕಾಣಲಿ ಅಂತ ಒಂದು ಎಪಿಫೋನ್ ಗಿಟಾರನ್ನು ಉದ್ದುದ್ದ ಕೊಯ್ದು ಅಕ್ಕಪಕ್ಕ ಕೂರಿಸಿದರು. ಮುಂದೆ ಗಿಬ್ಸನ್‌ನಲ್ಲಿ ಟೆಡ್ ಮೆಕಾರ್ಟಿ ಅಧ್ಯಕ್ಷರಾಗಿದ್ದಾಗ ಬಂದ 335ರಲ್ಲೂ ಇದೇ ದಾರಿ: ಎರಡು ಪಕ್ಕ ಟೊಳ್ಳು, ನಡುವೆ ಉದ್ದಕ್ಕೂ ಗಟ್ಟಿ ಮೇಪಲ್ ದಿಮ್ಮಿ. ಬ್ರಿಡ್ಜು (ತಂತಿಗಳನ್ನು ಮೈಮೇಲೆ ಎತ್ತಿ ಹಿಡಿಯುವ ಪಟ್ಟಿ), ಪಿಕಪ್ಪು ಎರಡೂ ಆ ದಿಮ್ಮಿಯ ಮೇಲೆ. ಕೂಗು ಕಮ್ಮಿಯಾಯಿತು. ಆದರೆ ಪಕ್ಕಗಳು ಟೊಳ್ಳೇ ಆದ್ದರಿಂದ ಪೂರ್ತಿ ಹೋಗಲಿಲ್ಲ.

ನಿಮ್ಮದರಲ್ಲಿ ಆ ದಿಮ್ಮಿ ಇದೆಯಾ ಅಂತ ಮೊದಲು ನೋಡಿ. ರಾತ್ರಿ ದೀಪ ಆರಿಸಿ, ಒಂದು ಎಫ್ ತೂತಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಇನ್ನೊಂದು ತೂತಿನಲ್ಲಿ ಬೆಳಕು ಧಾರಾಳವಾಗಿ ಕಂಡರೆ ಒಳಗೆ ಪೂರ್ತಿ ಟೊಳ್ಳು. ಮರದ ಗೋಡೆ ಅಡ್ಡ ಬಂದರೆ ಸೆಮಿ-ಹಾಲೋ, ಅಂದರೆ ಅರೆ ಟೊಳ್ಳು. ಹೊರಗಿನಿಂದ ನೋಡಿ ಹೇಳೋದು ಕಷ್ಟ. ಗಿಬ್ಸನ್ 330, ಎಪಿಫೋನ್ ಕ್ಯಾಸಿನೊ ನೋಡೋಕೆ 335ರ ಹಾಗೇ ಇವೆ, ಆದರೆ ಒಳಗೆ ದಿಮ್ಮಿ ಇಲ್ಲ.

ಫೋಮ್ ಅಂಟಿಸಬೇಡಿ. ಅಮೆರಿಕದ ಹೆಸರಾಂತ ಗಿಟಾರ್ ವಾದಕ ಬಿ.ಬಿ. ಕಿಂಗ್ ಅಂಥವರೇ ಎಫ್ ತೂತಿಗೆ ಬಟ್ಟೆ ತುರುಕಿ ನುಡಿಸುತ್ತಿದ್ದರು. ಆಮೇಲೆ ಗಿಬ್ಸನ್‌ನವರು ಅವರಿಗಾಗಿ ತೂತೇ ಇಲ್ಲದ ಮಾಡೆಲ್ ಮಾಡಿದರು. ನೀವೂ ಹಳೇ ಹತ್ತಿ ಪಂಚೆಯ ತುಂಡು ತುರುಕಿ ನೋಡಿ. ಬೇಡ ಅನ್ನಿಸಿದಾಗ ಎಳೆದುಬಿಡಬಹುದು. ಅದಕ್ಕೂ ಮೊದಲು ನಿಲ್ಲುವ ಜಾಗ ಬದಲಿಸಿ. ಗಣೇಶನ ಪೆಂಡಾಲ್‌ಗಳಲ್ಲಿ ಮಾನಿಟರ್ ಬಾಕ್ಸನ್ನು (ನುಡಿಸುವವರಿಗೇ ಕೇಳಿಸಲು ಇಡುವ ಸ್ಪೀಕರ್) ಮೊಣಕಾಲಿಗೆ ತಾಗುವಷ್ಟು ಹತ್ತಿರ ಇಟ್ಟಿರುತ್ತಾರೆ. ಅದೂ ಗಿಟಾರಿನ ಹೊಟ್ಟೆಗೇ ಮುಖ ಮಾಡಿ. ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಓರೆಯಾಗಿ ನಿಂತರೆ ಅರ್ಧ ಕೂಗು ಅಲ್ಲೇ ನಿಲ್ಲುತ್ತದೆ. ಆಂಪಿನಲ್ಲಿ ಬೇಸ್ ಸ್ವಲ್ಪ ಇಳಿಸಿ.

ಪೂರ್ತಿ ಸಾಯಿಸಲೂ ಬೇಡಿ. ಕೂಗು ಶುರುವಾಗೋಕೆ ಕೂದಲೆಳೆ ಮುಂಚೆ ಒಂದು ಜಾಗ ಇರುತ್ತದೆ. ಅಲ್ಲಿ ನಿಂತು ಮೂರನೇ ತಂತಿಯಲ್ಲಿ ಒಂದು ಸ್ವರ ಹಿಡಿದರೆ ಅದು ಇಳಿಯುವ ಬದಲು ಉಬ್ಬುತ್ತದೆ. ಬೆರಳು ತೆಗೆಯುವ ತನಕ ನಿಲ್ಲುತ್ತದೆ. ಗಟ್ಟಿ ಮೈಯ ಗಿಟಾರಿನಲ್ಲಿ ಇದೇ ಕೆಲಸಕ್ಕೆ ಆಂಪನ್ನು ಇನ್ನೂ ಎಷ್ಟೋ ಜೋರು ಮಾಡಬೇಕು. ಆ ಜಾಗ ಸಿಕ್ಕಿದರೆ ಸ್ಟೇಜಿನ ಮೇಲೆ ಚಾಕ್‌ಪೀಸ್‌ನಲ್ಲಿ ಗುರುತು ಹಾಕಿಕೊಳ್ಳಿ. ನಾನು ಹಾಕುತ್ತೇನೆ, ಹುಡುಗರು ನಗುತ್ತಾರೆ, ನಗಲಿ.

ಬೆಲೆಯ ಮಾತು. ಗಿಟಾರಿನ ತಲೆಯ (ತಂತಿ ಬಿಗಿಸುವ ತುದಿ) ಮೇಲಿನ ಹೆಸರನ್ನು ನಂಬಬೇಡಿ, ಹೆಸರು ಯಾರು ಬೇಕಾದರೂ ಅಂಟಿಸಬಹುದು. ಹಲ್ಲಿನ ಡಾಕ್ಟರ್ ಬಳಸುವ ಪುಟ್ಟ ಕನ್ನಡಿಯನ್ನು ಕೆಳಗಿನ ತೂತಿನಲ್ಲಿ ಇಳಿಸಿ, ವಾಲ್ಯೂಮ್ ಪಾಟ್‌ನ (ಗುಬುಟಿನ ಕೆಳಗೆ ಒಳಗಿರುವ, ಸದ್ದು ಏರಿಳಿಸುವ ಬಿಡಿಭಾಗ) ಬೆನ್ನು ನೋಡಿ. ಅಮೆರಿಕದ ಪಾಟ್ ಆದರೆ ಅಂಕಿಗಳು ಅಚ್ಚಾಗಿರುತ್ತವೆ. 1376612 ಅಂತಿದ್ದರೆ, 137 ಅಂದರೆ ಸಿಟಿಎಸ್ ಕಂಪನಿ, 66 ಅಂದರೆ 1966, 12 ಅಂದರೆ ಆ ವರ್ಷದ ಹನ್ನೆರಡನೇ ವಾರ. ಗಿಟಾರ್ ಅದಕ್ಕಿಂತ ಹಳೆಯದಾಗಿರೋಕೆ ಸಾಧ್ಯವಿಲ್ಲ, ಪಾಟ್ ಬದಲಿಸಿಲ್ಲದಿದ್ದರೆ. ಬೆಸುಗೆ ಹೊಸದಾಗಿ ಹೊಳೆಯುತ್ತಿದ್ದರೆ ಅನುಮಾನ ಪಡಿ. ಅಂಕಿಯೇ ಇಲ್ಲವಾ? ಜಪಾನಿನದ್ದಿರಬಹುದು. 1970ರ ದಶಕದಲ್ಲಿ ಅವರು ಎಷ್ಟು ಚೆನ್ನಾಗಿ ನಕಲು ಮಾಡಿದರು ಅಂದರೆ, 1977ರಲ್ಲಿ ಗಿಬ್ಸನ್‌ನ ಮಾಲೀಕ ಕಂಪನಿ ನಾರ್ಲಿನ್, ಜಪಾನಿನ ಐಬನೆಜ್ ಗಿಟಾರ್ ಮಾರುತ್ತಿದ್ದವರ ಮೇಲೆ ತಲೆಯ ಆಕಾರ ಕದ್ದರು ಅಂತ ಅಮೆರಿಕದಲ್ಲಿ ಕೇಸೇ ಹಾಕಿತು. ಅಂಥದ್ದು ಸಿಕ್ಕಿದ್ದರೂ ನಿಮ್ಮ ಅದೃಷ್ಟವೇ. ದುಡ್ಡು ಲಕ್ಷಗಟ್ಟಲೆ ಬರದಿರಬಹುದು, ನುಡಿಸೋಕೆ ಮಾತ್ರ ಒಳ್ಳೆಯ ವಸ್ತು.

ಗಿಬ್ಸನ್ನೇ ಆಗಿದ್ದರೆ ಗಿಟಾರಿನ ಕತ್ತು (ನೆಕ್) ತಲೆಗೆ ಸೇರುವ ಹಿಂಭಾಗ ಉಗುರಿನಿಂದ ಸವರಿ ನೋಡಿ. ಒಳಗೆ ಕಬ್ಬಿಣದ ಸಲಾಕೆ ತಿರುಗಿಸೋಕೆ ಅಲ್ಲಿ ಮರ ಕೆತ್ತಿರುತ್ತಾರೆ, ತೆಳ್ಳಗಿರುತ್ತದೆ, ಬಿದ್ದರೆ ಅಲ್ಲೇ ಮುರಿಯುತ್ತದೆ. ಮುರಿದು ಅಂಟಿಸಿದ್ದಕ್ಕೂ, ಮತ್ತೆ ಬಣ್ಣ ಹೊಡೆಸಿದ್ದಕ್ಕೂ ಸಂಗ್ರಹಕಾರರು ಅರ್ಧ ಬೆಲೆ ಕೊಟ್ಟರೆ ಹೆಚ್ಚು. ಅದಕ್ಕೇ ಪಾಲಿಷ್ ಬೇಡ ಅಂದದ್ದು.

ಪ್ರಶ್ನೆ: ಸರ್, ನನ್ನ ಹಳೇ ಸೆಮಿ-ಹಾಲೋದಲ್ಲಿ ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಹಿಂದೆ ಬಿಚ್ಚೋಕೆ ಮುಚ್ಚಳವೇ ಇಲ್ಲ. ಒಳಗೆ ಕೈ ಹಾಕೋದು ಹೇಗೆ?
— ಕಾಲೇಜು ವಿದ್ಯಾರ್ಥಿನಿ, ಕುವೆಂಪುನಗರ, ಮೈಸೂರು

ಉತ್ತರ: ಕೈ ಹಾಕೋಕೆ ಆಗಲ್ಲ ತಾಯಿ. ಮೆಕ್ಯಾನಿಕ್‌ಗಳು ಈ ಗಿಟಾರ್ ಕಂಡರೆ ಓಡುವುದೇ ಇದಕ್ಕೆ. ಎಲ್ಲ ಕೆಲಸವೂ ಎಫ್ ತೂತಿನ ಮೂಲಕವೇ.

ಮೊದಲು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ತಗೊಳ್ಳಿ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇ ಬೇಡ. ಅದರ ಸಣ್ಣ ಕೊಳವೆ ತೂತಿನಿಂದ ಪಾಟ್‌ನ ಸಂದಿಗೆ ಮುಟ್ಟಿದರೆ ಒಂದು ಚೂರು ಬಿಟ್ಟು, ಗುಬುಟನ್ನು ಆ ಕೊನೆಯಿಂದ ಈ ಕೊನೆಗೆ ಚೆನ್ನಾಗಿ ತಿರುಗಿಸಿ. ಸಾಮಾನ್ಯವಾಗಿ ಇಷ್ಟಕ್ಕೇ ಸರಿಹೋಗುತ್ತದೆ.

ಹೋಗದಿದ್ದರೆ ಪಾಟ್ ಹೊರಗೆ ತೆಗೆಯಬೇಕು. ಗುಬುಟು ಕೀಳಿ, ನಟ್ ಬಿಚ್ಚಿ. ಒಳಗೆ ತಳ್ಳುವ ಮುಂಚೆ ಶಾಫ್ಟಿಗೆ ದಾರ ಕಟ್ಟಿ. ಹಲವು ಪಾಟ್‌ಗಳ ಶಾಫ್ಟಿನ ತುದಿಯಲ್ಲಿ ಸೀಳು ಇರುತ್ತದೆ, ದಾರ ಅದರಲ್ಲಿ ಕೂರಿಸಿ ಗಂಟು ಹಾಕಿದರೆ ಜಾರುವುದಿಲ್ಲ. ಸೀಳು ಇಲ್ಲದಿದ್ದರೆ ಅಕ್ವೇರಿಯಂ ಅಂಗಡಿಯ ಮೆತ್ತನೆಯ ಪೈಪು ಬಿಗಿಯಾಗಿ ತೊಡಿಸಿ. ನಾಲ್ಕು ಪಾಟಿಗೆ ನಾಲ್ಕು ಬಣ್ಣದ ದಾರ. ದಾರದ ಇನ್ನೊಂದು ತುದಿ ಪಾಟ್ ಕೂತಿದ್ದ ತೂತಿನಿಂದ ಹೊರಗೇ ಇರಲಿ. ಪಾಟನ್ನು ಎಫ್ ತೂತಿನಿಂದ ಎಳೆದು, ಕ್ಲೀನ್ ಮಾಡಿ, ಬೇಕಾದರೆ ಬದಲಿಸಿ, ಒಳಗೆ ಬಿಡಿ. ದಾರ ಎಳೆದರೆ ಕೆಂಪು ದಾರದ್ದು ಕೆಂಪಿನ ತೂತಿಗೇ ಬಂದು ಕೂರುತ್ತದೆ. ದಾರ ಇಲ್ಲದೆ ಬಿಟ್ಟರೆ ಇಡೀ ಭಾನುವಾರ ಕೊಕ್ಕೆ ಹಾಕಿ ಹುಡುಕುತ್ತಾ ಕೂರಬೇಕು.

ಪ್ರಶ್ನೆ: ನನ್ನ ಗಿಟಾರಿನ ಫ್ರೆಟ್ ಬೋರ್ಡ್ (ಬೆರಳು ಒತ್ತುವ ಪಟ್ಟಿ) ಕಪ್ಪು-ಕಂದು ಮರ. ಇದು ನಮ್ಮ ಬೀಟೆಯೇ?
— ಮದ್ದೂರು

ಉತ್ತರ: ಇರಬಹುದು. ಹಳೆಯ ಗಿಬ್ಸನ್‌ಗಳಲ್ಲಿ ಬ್ರೆಜಿಲ್ ಬೀಟೆ ಹಾಕುತ್ತಿದ್ದರು. 1960ರ ದಶಕದ ನಡುವಿನಿಂದ ಮೆಲ್ಲಗೆ ಭಾರತದ ಬೀಟೆ ಬಂತು. ಮೈಸೂರಿನ ಇನ್‌ಲೇ ಕೆಲಸದವರು ಬಳಸುವ ಮರವೇ ಅದು. ಫೋಟೊ ನೋಡಿ ಯಾವುದು ಅಂತ ನಾನು ಹೇಳಲ್ಲ. ಬ್ರೆಜಿಲ್‌ನದ್ದಾದರೆ ವಿದೇಶಕ್ಕೆ ಒಯ್ಯುವಾಗ ಎಚ್ಚರ. 1992ರಿಂದ ಅದರ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಟ್ಟುಪಾಡು ಇದೆ. ನಮ್ಮ ಬೀಟೆಯ ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು.

ಪ್ರಶ್ನೆ: ತಂತಿ ಎಲ್ಲ ಒಟ್ಟಿಗೆ ಬಿಚ್ಚಿ ಒರೆಸಲಾ?
— ಶ್ರೀರಂಗಪಟ್ಟಣ

ಉತ್ತರ: ಬೇಡ. ಹಳೆಯದರಲ್ಲಿ ಬ್ರಿಡ್ಜೂ, ಅದರ ಹಿಂದೆ ತಂತಿಯ ತುದಿ ಹಿಡಿಯುವ ಟೇಲ್‌ಪೀಸೂ ತಂತಿಯ ಬಿಗಿಗೇ ನಿಂತಿರುತ್ತವೆ. ಎಲ್ಲ ಬಿಚ್ಚಿದರೆ ಟೇಲ್‌ಪೀಸ್ ಠಣ್ ಅಂತ ಮೈಮೇಲೆ ಬಿದ್ದು ಬಣ್ಣ ಕೀಳುತ್ತದೆ. ಒಂದು ಬಿಚ್ಚಿ, ಒಂದು ಹಾಕಿ. ಹತ್ತರ ಸೆಟ್ (ಅತಿ ತೆಳು ತಂತಿ 0.010 ಇಂಚು ಇರುವ ಸೆಟ್) ಸಾಕು. ಸ್ಟ್ಯಾಂಡಿನ ರಬ್ಬರಿಗೂ ಬಟ್ಟೆ ಸುತ್ತಿ, ಹಳೇ ಲ್ಯಾಕರ್ ರಬ್ಬರಿಗೆ ಅಂಟಿಕೊಂಡು ಕಲೆ ಬೀಳುತ್ತದೆ. ಒರೆಸೋಕೆ ಒಣ ಹತ್ತಿ ಬಟ್ಟೆ ಸಾಕು, ಸ್ಪ್ರೇ ಗಿಪ್ರೇ ಏನೂ ಬೇಡ.