ಡೀಸೆಲ್ ಟ್ರಕ್ಕಿಗೆ ವಾಟರ್ ಪಂಪ್ ಮಾತ್ರ ಬದಲಿಸಿದರೆ ಸಾಕಾ, ಎಂಜಿನ್ ಮುಂಭಾಗದ ಭಾಗಗಳನ್ನೆಲ್ಲ ಬದಲಿಸಬೇಕಾ?

ಎಂಜಿನ್ ಮುಂಭಾಗದಿಂದ ಕೂಲೆಂಟ್ (ಎಂಜಿನ್ ತಣ್ಣಗಿಡುವ ದ್ರವ) ತೊಟ್ಟಿಕ್ಕುತ್ತಿದೆ ಅಂದಿದ್ದೀರಿ. ಒಬ್ಬ ಮೆಕ್ಯಾನಿಕ್ ಅದನ್ನು ಎಂಜಿನ್ನಿನಲ್ಲಿ ಸುತ್ತಿಸುವ ವಾಟರ್ ಪಂಪ್ ಒಂದೇ ಸಾಕು ಅಂದರು. ಇನ್ನೊಬ್ಬರು ಬೆಲ್ಟ್, ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿಡುವ ಪುಲ್ಲಿ), ಫ್ಯಾನ್ ಕ್ಲಚ್ (ಬಿಸಿಗೆ ತಕ್ಕ ಹಾಗೆ ಫ್ಯಾನ್ ತಿರುಗಿಸುವ ಭಾಗ), ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾದ ಮೇಲೆ ರೇಡಿಯೇಟರ್ ದಾರಿ ತೆರೆಯುವ ಕವಾಟ), ಕ್ರ್ಯಾಂಕ್ ಸೀಲ್ (ಕ್ರ್ಯಾಂಕ್ ಶಾಫ್ಟ್ ಹೊರಬರುವ ಕಡೆ ಎಣ್ಣೆ ತಡೆಯುವ ಉಂಗುರ) ಎಲ್ಲ ಒಟ್ಟಿಗೆ ಹಾಕಿಸಿ ಅಂದರು. ಯಾರ ಮಾತು ಕೇಳಲಿ, ನಾನೇ ಮಾಡಿಕೊಳ್ಳಬಹುದಾ ಅನ್ನೋದು ನಿಮ್ಮ ಪ್ರಶ್ನೆ.

ಈ ಕೆಲಸವನ್ನು ನನ್ನ ಟ್ರಕ್ಕಿಗೆ ಎರಡು ಸಲ ಮಾಡಿದ್ದೇನೆ. ಮೊದಲ ಸಲ ಪಂಪ್ ಮತ್ತು ಬೆಲ್ಟ್ ಅಷ್ಟೇ ಬದಲಿಸಿದೆ. ಹಳೆಯ ಟೆನ್ಷನರ್ ನೋಡಲು ಚೆನ್ನಾಗಿತ್ತು, ಹಾಗೇ ಬಿಟ್ಟೆ. ಒಂದೂವರೆ ತಿಂಗಳಿಗೆ, ಲೋಡ್ ಹೊತ್ತು ಏರು ಹತ್ತುವಾಗ, ಅದರ ಬೇರಿಂಗ್ ಹೋಗಿ ಹೊಸ ಬೆಲ್ಟ್ ಕಳಚಿ ಬಿತ್ತು. ಬ್ಯಾಟರಿ ದೀಪ ಹತ್ತಿತು, ಹಿಂದೆಯೇ ಟೆಂಪರೇಚರ್ ಮುಳ್ಳು ಮೇಲೇರಿತು. ತಕ್ಷಣ ಬದಿಗೆ ಹಾಕಿ ಎಂಜಿನ್ ನಿಲ್ಲಿಸಿದ್ದರಿಂದ ಎಂಜಿನ್ನಿನ ಮೇಲ್ಭಾಗ, ಅಂದರೆ ಸಿಲಿಂಡರ್ ಹೆಡ್, ಬಿಸಿಗೆ ಹಾಳಾಗದೆ ಉಳಿಯಿತು. ಹಾಗಾಗಿ ನನ್ನ ಉತ್ತರ ಇಷ್ಟು: ಪಂಪ್ ತೆಗೆಯಲು ಮುಂಭಾಗ ಬಿಚ್ಚಿದ ಮೇಲೆ ಅಲ್ಲಿರುವ ಪ್ರತಿಯೊಂದು ಭಾಗವನ್ನೂ ಕೈಯಲ್ಲಿ ಹಿಡಿದು, ತಿರುಗಿಸಿ, ಅಲ್ಲಾಡಿಸಿ ನೋಡಿ. ಯಾವುದು ಹೋಗಿದೆಯೋ, ಹೋಗುವ ಹಾಗಿದೆಯೋ ಅದನ್ನು ಬದಲಿಸಿ. ಚೆನ್ನಾಗಿರುವುದನ್ನು ಸುಮ್ನೆ ಎಸೆಯಬೇಡಿ.

ಮೊದಲು ಸೋರುತ್ತಿರುವುದು ಪಂಪೇ ಅಂತ ಖಚಿತ ಮಾಡಿಕೊಳ್ಳಿ. ಪಂಪ್ ದೇಹದ ಕೆಳಗೆ, ಶಾಫ್ಟ್ ಹತ್ತಿರ ಒಂದು ಸಣ್ಣ ತೂತು ಇರುತ್ತದೆ. ಅದು ಬೇಕಂತಲೇ ಇಟ್ಟ ತೂತು. ಒಳಗೆ ಎರಡು ನುಣುಪಾದ ಉಂಗುರಗಳು ಒಂದಕ್ಕೊಂದು ಒತ್ತಿಕೊಂಡು ತಿರುಗುತ್ತವೆ, ಅದೇ ಸೀಲ್. ನಡುವೆ ಕೂಲೆಂಟಿನ ತೆಳು ಪದರ ಇದ್ದರೆ ಮಾತ್ರ ಅವು ಸವೆಯದೆ ಬಾಳುತ್ತವೆ. ಸೀಲ್ ಹೋದಾಗ ಕೂಲೆಂಟ್ ಬೇರಿಂಗಿಗೆ ನುಗ್ಗದೆ ಈ ತೂತಿನಿಂದ ಹೊರಗೆ ಹೋಗುತ್ತದೆ. ಟಾರ್ಚ್ ಹಿಡಿದು, ಸಣ್ಣ ಕನ್ನಡಿ ಇಟ್ಟು ನೋಡಿ. ತೂತಿನ ಸುತ್ತ ಸ್ವಲ್ಪ ಒಣಗಿದ ಕಲೆ ಇದ್ದರೆ ಗಾಬರಿ ಬೇಡ, ಅದು ಮಾಮೂಲಿ. ಆದರೆ ತೂತಿನಿಂದ ಶುರುವಾಗಿ ಕೆಳಗಿನವರೆಗೆ ಬಿಳಿ ಅಥವಾ ಬಣ್ಣದ ಹೆಪ್ಪು ಗೆರೆ ಇಳಿದಿದ್ದರೆ, ಮುಟ್ಟಿದರೆ ಬೆರಳು ಒದ್ದೆಯಾದರೆ, ಪಂಪಿನ ಕಾಲ ಮುಗಿದಿದೆ. ಆ ತೂತಿಗೆ ಎಂ-ಸೀಲ್ ಹಾಕಿ ಮುಚ್ಚುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಹೊರಗೆ ಹೋಗಬೇಕಿದ್ದ ಕೂಲೆಂಟ್ ಬೇರಿಂಗಿಗೆ ಹೋಗುತ್ತದೆ, ಆಮೇಲೆ ಶಾಫ್ಟ್ ಸಮೇತ ಫ್ಯಾನ್ ರೇಡಿಯೇಟರಿಗೆ ನುಗ್ಗಬಹುದು.

ತೂತು ಒಣಗಿದ್ದರೆ ಮೇಲಿನ ಹೋಸ್, ಥರ್ಮೋಸ್ಟಾಟ್ ಮುಚ್ಚಳ, ಹೀಟರ್ ಪೈಪ್ ನೋಡಿ. ಓಡುವಾಗ ಫ್ಯಾನ್ ಗಾಳಿ ಕೂಲೆಂಟನ್ನು ಎಲ್ಲೆಲ್ಲೋ ಎರಚುತ್ತದೆ. ಒದ್ದೆ ಕಂಡ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು ಅಂತ ಹುಡುಕಿ.

ಇನ್ನೊಂದು ಮಾತು. ನಾನು ಹೇಳುತ್ತಿರುವುದು ಬೆಲ್ಟಿನಿಂದ ತಿರುಗುವ ಪಂಪ್ ಬಗ್ಗೆ. ಕೆಲವು ದೊಡ್ಡ ಎಂಜಿನ್‌ಗಳಲ್ಲಿ ಪಂಪ್ ಗೇರಿನಿಂದ ತಿರುಗುತ್ತದೆ. ನಿಮ್ಮದು ಆ ಥರ ಇದ್ದರೆ ಅನುಭವ ಇರುವವರ ಕೈಯಲ್ಲೇ ಮಾಡಿಸಿ.

ಕೆಲಸಕ್ಕೆ ಕೈ ಹಾಕುವ ಮುಂಚೆ ಎಂಜಿನ್ ಪೂರ್ತಿ ತಣ್ಣಗಾಗಲಿ. ಒತ್ತಡ ಇರುವಾಗ ನೀರು 100 ಡಿಗ್ರಿಗೆ ಕುದಿಯುವುದಿಲ್ಲ. ಹೊರಗಿನ ಗಾಳಿಗಿಂತ 1 ಬಾರ್ ಜಾಸ್ತಿ ಒತ್ತಡದಲ್ಲಿ ಬರೀ ನೀರು ಕೂಡ 120 ಡಿಗ್ರಿ ಹತ್ತಿರ ಹೋದ ಮೇಲೆ ಕುದಿಯುತ್ತದೆ. ಕ್ಯಾಪ್ ತೆಗೆದ ಕೂಡಲೇ ಒತ್ತಡ ಬಿಡುತ್ತದೆ, ಅಷ್ಟು ಬಿಸಿ ನೀರು ಒಮ್ಮೆಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಶುರು ಮಾಡುವುದೇ ಒಳ್ಳೆಯದು. ಚಕ್ರಕ್ಕೆ ಅಡ್ಡಗಟ್ಟೆ ಇಡಿ, ಬ್ಯಾಟರಿಯ ನೆಗೆಟಿವ್ ತೆಗೆಯಿರಿ. ಕೂಲೆಂಟನ್ನು ಅಗಲವಾದ ಟಬ್ಬಿಗೆ ಇಳಿಸಿ, ತಕ್ಷಣ ಮುಚ್ಚಿಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿ. ನಾಯಿ ಬೆಕ್ಕು ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತವೆ, ಮಕ್ಕಳಿಗೂ ಅಷ್ಟೇ ಅಪಾಯ.

ಈ ಇಡೀ ಕೆಲಸದಲ್ಲಿ ಕಷ್ಟ ಅಂದರೆ ಫ್ಯಾನ್ ತೆಗೆಯುವುದೇ. ಪಂಪ್ ಬಿಚ್ಚುವುದು ಸುಲಭ. ಮೊದಲು ಫ್ಯಾನ್ ಮತ್ತು ರೇಡಿಯೇಟರ್ ನಡುವೆ ರೇಡಿಯೇಟರ್ ಅಳತೆಗೆ ಕತ್ತರಿಸಿದ ದಪ್ಪ ರಟ್ಟು ಇಳಿಸಿ. ಸ್ಪ್ಯಾನರ್ ಜಾರಿ ಒಂದೇ ಏಟು ಬಿದ್ದರೂ ರೇಡಿಯೇಟರ್ ಫಿನ್ ಮಡಚುತ್ತದೆ, ಟ್ಯೂಬ್ ತೂತಾದರೆ ಕೆಲಸ ದುಪ್ಪಟ್ಟು. ಫ್ಯಾನ್ ಕ್ಲಚ್ ಒಂದೇ ದೊಡ್ಡ ನಟ್ಟಿನಲ್ಲಿ ಕೂತಿದ್ದರೆ ಅದು ಎಡ ಮರೆಯೋ ಬಲ ಮರೆಯೋ (ಮರೆ ಅಂದರೆ ನಟ್ಟಿನ ಥ್ರೆಡ್) ಅಂತ ಎಂಜಿನ್ ಮ್ಯಾನ್ಯುಯಲ್ ನೋಡಿಯೇ ಕೈ ಹಾಕಿ. ಸಾಮಾನ್ಯವಾಗಿ ಫ್ಯಾನ್ ಓಡುವಾಗ ನಟ್ ತಾನಾಗಿ ಬಿಗಿಯಾಗುವ ಹಾಗೆ ಮರೆ ಇಟ್ಟಿರುತ್ತಾರೆ. ಅಂದರೆ ಫ್ಯಾನ್ ತಿರುಗುವ ದಿಕ್ಕಿಗೇ ತಿರುಗಿಸಿದರೆ ಸಡಿಲವಾಗುತ್ತದೆ. ತಪ್ಪು ದಿಕ್ಕಿಗೆ ಉದ್ದ ರಾಡ್ ಹಾಕಿ ಎಳೆದರೆ ಮರೆ ಹಾಳಾಗುತ್ತದೆ. ತೆಗೆದ ಕ್ಲಚ್ ಒಳಗೆ ಸಿಲಿಕೋನ್ ಎಣ್ಣೆ ಇರುವ ಥರದ್ದಾದರೆ ನೆಲದ ಮೇಲೆ ಮಲಗಿಸಬೇಡಿ. ಗಾಡಿಯಲ್ಲಿ ಹೇಗಿತ್ತೋ ಹಾಗೇ ನಿಲ್ಲಿಸಿಡಿ.

ಫ್ಯಾನ್ ಕ್ಲಚ್ ಚೆನ್ನಾಗಿದೆಯೋ ಅಂತ ಬಿಚ್ಚುವ ಮುಂಚೆಯೇ ನೋಡಿಕೊಳ್ಳಬಹುದು. ಎಂಜಿನ್ ನಿಂತಿರುವಾಗ ಫ್ಯಾನಿನ ರೆಕ್ಕೆಯ ತುದಿ ಹಿಡಿದು ಹಿಂದೆ ಮುಂದೆ ಆಡಿಸಿ. ಜಾಸ್ತಿ ಆಡಿದರೆ ಕ್ಲಚ್ ಬೇರಿಂಗ್ ಅಥವಾ ಪಂಪ್ ಬೇರಿಂಗ್, ಎರಡರಲ್ಲಿ ಒಂದು ಸವೆದಿದೆ. ಕೈಯಿಂದ ತಿರುಗಿಸಿದರೆ ಒಂದಿಷ್ಟು ಹಿಡಿತ ಇರಬೇಕು. ಯಾವ ತಡೆಯೂ ಇಲ್ಲದೆ ಸುತ್ತಿ ಸುತ್ತಿ ತಿರುಗಿದರೆ, ನಡುವಿನಿಂದ ಎಣ್ಣೆ ಗೆರೆ ಹರಡಿದ್ದರೆ, ಬದಲಿಸಿ. ಫ್ಯಾನ್ ಪಂಪ್ ಶಾಫ್ಟ್ ಮೇಲೇ ಕೂತಿರುವ ಎಂಜಿನ್ ಆದರೆ ಇದು ಇನ್ನೂ ಮುಖ್ಯ. ಆಡುವ ಫ್ಯಾನ್ ಹೊಸ ಪಂಪಿನ ಬೇರಿಂಗನ್ನೂ ತಿಂದು ಹಾಕುತ್ತದೆ. ಪಂಪ್ ಯಾಕೆ ಹೋಯಿತು ಅಂತ ತಿಳಿಯದೆ ಹೊಸದು ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಬೆಲ್ಟ್ ತೆಗೆಯುವ ಮುಂಚೆ ಅದು ಯಾವ ಪುಲ್ಲಿ ಮೇಲೆ ಹೇಗೆ ಹೋಗಿದೆ ಅಂತ ಫೋಟೋ ತೆಗೆದುಕೊಳ್ಳಿ. ಬೆಲ್ಟ್ ಇಳಿದ ಮೇಲೆ ಒಂದೊಂದೇ ಪುಲ್ಲಿಯನ್ನು ಬೆರಳಲ್ಲಿ ತಿರುಗಿಸಿ. ಕಿವಿ ಹತ್ತಿರ ಇಡಿ. ಚೆನ್ನಾಗಿರುವ ಬೇರಿಂಗ್ ಸದ್ದಿಲ್ಲದೆ, ಗ್ರೀಸಿನ ಭಾರದಲ್ಲಿ ನಿಧಾನವಾಗಿ ತಿರುಗಿ ನಿಲ್ಲುತ್ತದೆ. ಸವೆದ ಬೇರಿಂಗ್ ಮರಳು ತುಂಬಿದ ಹಾಗೆ ಗರಗರ ಅನ್ನುತ್ತದೆ, ಅಥವಾ ಒಣಗಿ ಸೈಕಲ್ ಚಕ್ರದ ಹಾಗೆ ಸುತ್ತುತ್ತಲೇ ಇರುತ್ತದೆ. ಎರಡೂ ಕೆಟ್ಟದ್ದು. ನನ್ನ ಹಳೆಯ ಟೆನ್ಷನರ್ ಆ ಒಣಗಿದ ಥರದ್ದು. ಆಗ ನನಗೆ ಅದರ ಅರ್ಥ ತಿಳಿದಿರಲಿಲ್ಲ, ಹಗುರವಾಗಿ ತಿರುಗುತ್ತಿದೆ, ಒಳ್ಳೆಯದು ಅಂದುಕೊಂಡಿದ್ದೆ. ಟೆನ್ಷನರ್ ತೋಳನ್ನೂ ನಿಧಾನವಾಗಿ ಎಳೆದು ಬಿಡಿ. ನಡುವೆ ಸಿಕ್ಕಿಕೊಳ್ಳದೆ ಒಂದೇ ಸಮ ಬರಬೇಕು. ಪುಲ್ಲಿ ಓರೆಯಾಗಿ ಕೂತಿದ್ದರೆ ಸ್ಪ್ರಿಂಗ್ ಭಾಗದ ಬುಶ್ ಸವೆದಿದೆ ಅಂತ.

ಬೆಲ್ಟ್ ಬಿರುಕು ಬಿಟ್ಟಿಲ್ಲ, ಹಾಗಾಗಿ ಚೆನ್ನಾಗಿದೆ ಅನ್ನುವ ಲೆಕ್ಕ ಈಗ ನಡೆಯುವುದಿಲ್ಲ. ಈಗಿನ ಇಪಿಡಿಎಂ ರಬ್ಬರಿನ ಬೆಲ್ಟುಗಳು ಟೈರಿನ ಹಾಗೆ ಸವೆಯುತ್ತವೆ, ಬಿರುಕು ಬಿಡುವುದು ಕಡಿಮೆ. ಬೆಲ್ಟಿನ ಒಳಮೈಯಲ್ಲಿರುವ ಉದ್ದ ಕಾಲುವೆಗಳ ತಳ ಅಗಲವಾಗಿ, ಬೆಲ್ಟ್ ಪುಲ್ಲಿಯೊಳಗೆ ಆಳಕ್ಕೆ ಕೂರುತ್ತದೆ, ಆಮೇಲೆ ಜಾರುತ್ತದೆ. ಕೂಲೆಂಟ್ ಅಥವಾ ಎಣ್ಣೆ ಕುಡಿದ ಬೆಲ್ಟನ್ನು ಮತ್ತೆ ಹಾಕಲೇಬೇಡಿ.

ಕ್ರ್ಯಾಂಕ್ ಸೀಲ್ ವಿಷಯಕ್ಕೆ ಬಂದರೆ, ಅದರ ಸುತ್ತ ಒಣಗಿದ್ದರೆ ಮುಟ್ಟಬೇಡಿ. ಸೋರದ ಸೀಲನ್ನು ಕಿತ್ತು ಹೊಸದು ಕೂರಿಸುವಾಗ ಶಾಫ್ಟಿಗೆ ಗೀರು ಬಿದ್ದರೆ ಇಲ್ಲದ ಸೋರಿಕೆ ಶುರುವಾಗುತ್ತದೆ. ಎಣ್ಣೆ ಇಳಿದಿದ್ದರೆ ಮಾತ್ರ ಬದಲಿಸಿ. ಹೊಸ ಸೀಲ್ ಟೆಫ್ಲಾನ್ ಥರದ್ದಾದರೆ ಒಣಗಿದ, ಸ್ವಚ್ಛ ಶಾಫ್ಟ್ ಮೇಲೆ ಒಣಗಿದ ಸ್ಥಿತಿಯಲ್ಲೇ ಕೂರಿಸಬೇಕು, ಎಣ್ಣೆ ಸವರಬಾರದು. ಕ್ರ್ಯಾಂಕ್ ಶಾಫ್ಟ್ ಮುಂದಿನ ತುದಿಯಲ್ಲಿ ನಡುಕ ತಗ್ಗಿಸುವ ಡ್ಯಾಂಪರಿಗೆ ರಬ್ಬರ್ ಪಟ್ಟಿ ಇದ್ದರೆ ಅದು ಬಿರಿದು ಹೊರಗೆ ಬಂದಿದೆಯಾ ಅಂತ ಒಮ್ಮೆ ನೋಡಿಬಿಡಿ.

ಪಂಪಿನ ಬೋಲ್ಟುಗಳು ಎಷ್ಟೋ ಎಂಜಿನ್‌ಗಳಲ್ಲಿ ಬೇರೆ ಬೇರೆ ಉದ್ದ ಇರುತ್ತವೆ. ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ತೂತು ಮಾಡಿ, ಒಂದೊಂದನ್ನೂ ಅದರ ಜಾಗದಲ್ಲೇ ಚುಚ್ಚಿಡಿ. ಉದ್ದದ್ದನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಕವರ್ ಒಡೆಯಬಹುದು. ಪಂಪ್ ಹೊರಬಂದ ಮೇಲೆ ಬ್ಲಾಕಿನ ಬಾಯಿಗೆ ಬಟ್ಟೆ ತುರುಕಿ, ಆಮೇಲೆ ಹಳೆಯ ಗ್ಯಾಸ್ಕೆಟ್ (ಪಂಪ್ ಮತ್ತು ಬ್ಲಾಕ್ ನಡುವೆ ಸೋರದಂತೆ ಇಟ್ಟ ಪದರ) ಕೆರೆಯಿರಿ. ಕೊನೆಗೆ ಉಗುರು ಆಡಿಸಿ ನೋಡಿ, ಎಲ್ಲೂ ತಡೆಯಬಾರದು. ಈ ಒಂದು ಹಂತಕ್ಕೆ ಅರ್ಧ ಗಂಟೆ ಹಿಡಿದರೂ ಹಿಡಿಯಲಿ. ಹೊಸ ಪಂಪ್ ಸೋರುವುದು ಜಾಸ್ತಿ ಇಲ್ಲಿನ ಕೊಳೆಯಿಂದಲೇ.

ಗ್ಯಾಸ್ಕೆಟ್ ಬದಲು ಓ-ರಿಂಗ್ (ರಬ್ಬರ್ ಉಂಗುರ) ಇರುವ ಪಂಪಿಗೆ ಗಮ್ ಬೇಡ. ಕೂಲೆಂಟನ್ನೇ ಬೆರಳಲ್ಲಿ ಸವರಿ ಕೂರಿಸಿ. ಗ್ರೀಸ್ ಹಚ್ಚಿದರೆ ಕೆಲವು ರಬ್ಬರ್ ಊದಿಕೊಳ್ಳುತ್ತದೆ. ಸಿಲಿಕೋನ್ ಬೇಕೇಬೇಕು ಅಂತ ಮ್ಯಾನ್ಯುಯಲ್ ಹೇಳಿದರೆ ತೆಳುವಾಗಿ ಮಾತ್ರ ಎಳೆಯಿರಿ. ಒಳಗೆ ಉಬ್ಬಿದ ಸಿಲಿಕೋನ್ ಚೂರಾಗಿ ಹೋಗಿ ಹೀಟರ್, ರೇಡಿಯೇಟರ್ ಟ್ಯೂಬುಗಳಲ್ಲಿ ಕಟ್ಟಿಕೊಳ್ಳುತ್ತದೆ. ಬೋಲ್ಟುಗಳನ್ನು ಮೊದಲು ಕೈಯಲ್ಲೇ ಕೂರಿಸಿ, ಎದುರು ಬದುರಾಗಿ ಸ್ವಲ್ಪ ಸ್ವಲ್ಪ ಬಿಗಿ ಮಾಡಿ. ಕೊನೆಯ ಬಿಗಿ ಟಾರ್ಕ್ ರೆಂಚಿನಲ್ಲೇ (ಎಷ್ಟು ಬಿಗಿ ಅಂತ ಅಳೆದು ತೋರಿಸುವ ಸ್ಪ್ಯಾನರ್) ಆಗಲಿ, ಅಂಕಿ ನಿಮ್ಮ ಎಂಜಿನ್ ಮ್ಯಾನ್ಯುಯಲ್‌ನದ್ದೇ ಆಗಲಿ. ಸಣ್ಣ ಬೋಲ್ಟುಗಳಿವು, ತೋಳಿನ ಬಲ ಹಾಕಿದರೆ ಅಲ್ಯೂಮಿನಿಯಂ ಮರೆ ಕಿತ್ತು ಬರುತ್ತದೆ.

ಥರ್ಮೋಸ್ಟಾಟ್ ಹೇಗೂ ಕೈಗೆ ಸಿಗುವ ಜಾಗದಲ್ಲಿರುತ್ತದೆ. ಹಳೆಯದಾಗಿದ್ದರೆ ಬದಲಿಸಿ. ಅದರಲ್ಲಿ ಗಾಳಿ ಬಿಡುವ ಸಣ್ಣ ಪಿನ್ ಇದ್ದರೆ ಆ ಬದಿ ಮೇಲಕ್ಕೆ ಬರಲಿ. ಥರ್ಮೋಸ್ಟಾಟ್ ತೆಗೆದೇ ಓಡಿಸಿ ಅನ್ನುವ ಸಲಹೆ ಕೇಳಬೇಡಿ. ಎಷ್ಟೋ ಎಂಜಿನ್‌ಗಳಲ್ಲಿ ಅದು ತೆರೆದಾಗ ಬೈಪಾಸ್ ದಾರಿಯನ್ನೂ (ರೇಡಿಯೇಟರ್ ಬಿಟ್ಟು ಸುತ್ತುವ ದಾರಿ) ಮುಚ್ಚುತ್ತದೆ. ಅದಿಲ್ಲದಿದ್ದರೆ ಬಿಸಿ ಕೂಲೆಂಟಿನ ಒಂದು ಪಾಲು ರೇಡಿಯೇಟರಿಗೆ ಹೋಗದೆ ಅಲ್ಲಲ್ಲೇ ಸುತ್ತುತ್ತದೆ.

ಕೂಲೆಂಟ್ ಬಗ್ಗೆ ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ. ಬರೀ ನಲ್ಲಿ ನೀರು ಹಾಕಬೇಡಿ. ವೆಟ್ ಲೈನರ್ (ಪಿಸ್ಟನ್ ಓಡುವ, ಹೊರಮೈಗೆ ಕೂಲೆಂಟ್ ನೇರ ತಾಗುವ ಕೊಳವೆ) ಇರುವ ಡೀಸೆಲ್ ಎಂಜಿನ್‌ನಲ್ಲಿ ಪಿಸ್ಟನ್ ಬಡಿತಕ್ಕೆ ಲೈನರ್ ನಡುಗುತ್ತದೆ. ಆ ನಡುಕಕ್ಕೆ ಅದರ ಹೊರಮೈಯಲ್ಲಿ ಸಣ್ಣ ಆವಿ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಒಡೆಯುವ ಪ್ರತಿ ಗುಳ್ಳೆಯೂ ಲೋಹಕ್ಕೆ ಸೂಜಿಮೊನೆಯ ಏಟು. ವರ್ಷಗಟ್ಟಲೆ ಹೀಗಾದರೆ ಲೈನರಿಗೆ ತೂತು ಬಿದ್ದು ಕೂಲೆಂಟ್ ಎಣ್ಣೆಗೆ ಸೇರುತ್ತದೆ. ನಾನು ಅಂಥ ಒಂದು ಲೈನರನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಹುಳು ತಿಂದ ಕಟ್ಟಿಗೆಯ ಹಾಗಿತ್ತು, ಅದೂ ಒಂದೇ ಬದಿಯಲ್ಲಿ. ಹೆವಿ ಡ್ಯೂಟಿ ಡೀಸೆಲ್ ಕೂಲೆಂಟಿನಲ್ಲಿ ಇದನ್ನು ತಡೆಯುವ ರಾಸಾಯನಿಕ ಇರುತ್ತದೆ. ಮ್ಯಾನ್ಯುಯಲ್ ಹೇಳಿದ ದರ್ಜೆಯದ್ದನ್ನೇ ತನ್ನಿ, ಡಿಸ್ಟಿಲ್ಡ್ ವಾಟರ್ ಜೊತೆ ಅರ್ಧಕ್ಕರ್ಧ ಬೆರೆಸಿ. ಬಣ್ಣ ನೋಡಿ ಕೊಳ್ಳಬೇಡಿ, ಯಾವ ಬಣ್ಣಕ್ಕೆ ಯಾವ ಜಾತಿ ಅನ್ನುವ ನಿಯಮ ಇಲ್ಲ.

ತುಂಬುವಾಗ ಹೀಟರ್ ಪೂರ್ತಿ ಬಿಸಿಗಿಟ್ಟು, ಗಾಳಿ ಬಿಡುವ ಸ್ಕ್ರೂ ಇದ್ದರೆ ತೆರೆದು, ನಿಧಾನವಾಗಿ ಸುರಿಯಿರಿ. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಡಿ. ಮೇಲಿನ ಹೋಸ್ ಒಮ್ಮೆಲೇ ಬಿಸಿಯಾದರೆ ಥರ್ಮೋಸ್ಟಾಟ್ ತೆರೆದಿದೆ ಅಂತ. ಹೀಟರಿನಿಂದ ತಣ್ಣನೆ ಗಾಳಿ ಬರುತ್ತಿದ್ದರೆ ಒಳಗೆ ಇನ್ನೂ ಗಾಳಿ ಸಿಕ್ಕಿಕೊಂಡಿದೆ. ಪೂರ್ತಿ ತಣ್ಣಗಾದ ಮೇಲೆ ಮಟ್ಟ ನೋಡಿ ಮತ್ತೆ ತುಂಬಿ. ಮೊದಲ ಕೆಲವು ದಿನ ಬೆಳಿಗ್ಗೆ ಬೆಳಿಗ್ಗೆ ಮಟ್ಟ ನೋಡಿ, ಹೋಸ್ ಕ್ಲಾಂಪುಗಳನ್ನು ಎಂಜಿನ್ ತಣ್ಣಗಿರುವಾಗ ಒಮ್ಮೆ ಬಿಗಿ ನೋಡಿ.

ನೀವೇ ಮಾಡಬಹುದಾ ಅಂದರೆ, ಬೆಲ್ಟಿನ ಪಂಪ್ ಆಗಿದ್ದು, ಟಾರ್ಕ್ ರೆಂಚ್ ಮತ್ತು ಮ್ಯಾನ್ಯುಯಲ್ ಕೈಯಲ್ಲಿದ್ದರೆ ಖಂಡಿತ ಮಾಡಬಹುದು. ಮೊದಲ ಸಲಕ್ಕೆ ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ನಿಮ್ಮ ಎಂಜಿನ್ ಯಾವುದು, ಫ್ಯಾನ್ ಪಂಪ್ ಮೇಲಿದೆಯಾ ಬೇರೆ ಹಬ್ ಮೇಲಿದೆಯಾ ಅಂತ ಬರೆಯಿರಿ. ಆ ಸಣ್ಣ ತೂತಿನ ಹತ್ತಿರದ ಒಂದು ಫೋಟೋನೂ ಹಾಕಿ, ನೋಡಿ ಹೇಳುತ್ತೇನೆ.