ಪ್ರತಿಕ್ರಿಯೆ: ಪರೇಡಿನ ಬಂದೂಕು ಖರೇದ್ದು, ಆದ್ರ ಹಾರೂದಿಲ್ಲ

ಅಕ್ಕಾರ, ಧಾರವಾಡದ ಆರ್.ಎನ್. ಶೆಟ್ಟಿ ಕ್ರೀಡಾಂಗಣದಾಗ ಮಗಳ ಎನ್‌ಸಿಸಿ ಪರೇಡ್ ನೋಡಿ, "ಅದು ಖರೇ ಬಂದೂಕೇನು? ಅಪ್ಪಿತಪ್ಪಿ ಗುಂಡು ಹಾರಿದ್ರ?" ಅಂತ ಕೇಳೀರಿ. ಗಾಬರಿ ಆಗಬ್ಯಾಡ್ರಿ.

ಅದಕ್ಕ ಡಿಪಿ ರೈಫಲ್ ಅಂತಾರ, ಅಂದ್ರ ಡ್ರಿಲ್ ಪರ್ಪಸ್. ಹೆಚ್ಚಾಗಿ ಹಳೇ .303 ಲೀ ಎನ್‌ಫೀಲ್ಡ್ ಇರ್ತಾವು. ಮಹಾಯುದ್ಧದಾಗ ನಮ್ಮ ಸಿಪಾಯಿಗಳು ಹಿಡಿದ ಮಾದರಿ, ಬಂಗಾಳದ ಇಶಾಪುರ ಕಾರ್ಖಾನಿಯಾಗೂ ತಯಾರಾಗ್ತಿತ್ತು. ಸೇವೆಯಿಂದ ತೆಗೆದ ಮ್ಯಾಲೆ ನಳಿಗಿಗೆ ತೂತು ಕೊರೆಯೂದು, ಫೈರಿಂಗ್ ಪಿನ್ನಿನ ತುದಿ ಕತ್ತರಿಸೂದು, ಇಂಥದ್ದೆಲ್ಲಾ ಮಾಡಿ 'ಡಿಪಿ' ಅಂತ ಮುದ್ರೆ ಒತ್ತತಾರ. ಆ ಪಿನ್ನು ಕಾಡತೂಸಿನ ಹಿಂಬದಿಗೆ ಬಡಿದ್ರನ ಮದ್ದು ಹೊತ್ತೂದು. ಪಿನ್ನಿನ ತುದೀನ ಇಲ್ಲಂದ್ರ ಬರೇ 'ಖಟಕ್' ಅಂತೈತಿ, ಅಷ್ಟ.

ಚಿಂತಿ ಮಾಡೂದಿದ್ರ ತೂಕದ್ದು ಮಾಡ್ರಿ. ಹತ್ರಹತ್ರ 4 ಕಿಲೋ! ನಾ ಕೆಡೆಟ್ ಇದ್ದಾಗ 'ಸಲಾಮಿ ಶಸ್ತ್ರ', 'ಬಗಲ್ ಶಸ್ತ್ರ' ಅಂತ ಮುಂಜಾನಿಂದ ಎತ್ತಿ ಇಳಿಸಿ ಹೆಗಲು ಬಾತು, ರಾತ್ರಿ ಅವ್ವ ಉಪ್ಪಿನ ಗಂಟು ಕಾಸಿ ಒತ್ತಿದ್ಲು.

ಗುಂಡು ಹಾರಿಸೂದು ಕಲಿಸ್ತಾರ, ಅದು ಬ್ಯಾರೆ .22 ರೈಫಲ್‌ನಾಗ, ರೇಂಜಿನೊಳಗ, ಸೈನ್ಯದ ಉಸ್ತಾದರ ಎದುರಿಗೆ. ಮತ್ತ, ಡಿಪಿ ಆದ್ರೂ ಎಣಿಸಿ ಕೊಟ್ಟು ಎಣಿಸಿ ಕೋತ್‌ನಾಗ, ಅಂದ್ರ ಬಂದೂಕು ಇಡೂ ಕೋಣ್ಯಾಗ, ಇಡ್ತಾರ. ಫೋಟೋಕ್ಕ ಮನಿಗೆ ತಾ ಅಂತ ಹೇಳಬ್ಯಾಡ್ರಿ ಮತ್ತ!