ಇನ್ನೂ 84 ಬಾಕಿ

ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ:

"ಸಂಪಾದಕರಿಗೆ ನಮಸ್ಕಾರ. ನನಗೀಗ ಮೂವತ್ತೊಂಬತ್ತು. ಊರು ಶಿವಮೊಗ್ಗ, ಇರುವುದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಕೆಲಸ ಸಿಕ್ಕಾಗಿನಿಂದ ಹಳೇ ವಿಡಿಯೋ ಗೇಮ್ ಕೂಡಿಡುತ್ತಾ ಬಂದಿದ್ದೇನೆ. ಟಿವಿಗೆ ಜೋಡಿಸಿ ಆಡುವ ನಿಂಟೆಂಡೊ 64 (ಎನ್64) ಯಂತ್ರಕ್ಕೆ ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳು ಒಟ್ಟು 296. ಅಷ್ಟೂ ನನ್ನ ಹತ್ತಿರ ಇರಬೇಕು ಅಂತ ಆಸೆ. ಈಗ 212 ಇವೆ. ನ್ಯೂಜೆರ್ಸಿಯಲ್ಲಿರುವ ಅಕ್ಕ ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ತಂದುಕೊಡುತ್ತಾಳೆ. ಆದರೆ ಈಚೆಗೆ ಬಾಕ್ಸ್ ಬಿಚ್ಚಿದರೆ ಖುಷಿಯಾಗುವುದಿಲ್ಲ. ಎಕ್ಸೆಲ್ ಶೀಟಿನ ಕೆಂಪು ಸಾಲನ್ನು ಹಸಿರು ಮಾಡುತ್ತೇನೆ, ಕಪಾಟಿಗೆ ಸೇರಿಸುತ್ತೇನೆ, ಮುಂದಿನದನ್ನು ಹುಡುಕಲು ಕೂರುತ್ತೇನೆ. ಆಟ ಹೇಗಿದೆ ಎಂದು ನೋಡುವುದಿಲ್ಲ, ಪಟ್ಟಿಯಲ್ಲಿ ಇದೆಯಾ ಎಂದು ನೋಡುತ್ತೇನೆ. ಒಂದು ಆಟ ಪೂರ್ತಿ ಮುಗಿಸಿ ಮೂರು ವರ್ಷದ ಮೇಲಾಯಿತು. ಹೆಂಡತಿ ಏನೂ ಅನ್ನುವುದಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಎಲ್ಲಾ ಮಾರಿ, ಡೌನ್‌ಲೋಡ್ ಮಾಡಿ ಆಡುವ ಡಿಜಿಟಲ್‌ಗೆ ಹೋಗಿಬಿಡಲಾ? ಅಥವಾ ಮುಂದೆ ಬೆಲೆ ಬರುತ್ತದೆ ಎಂದು ಇಟ್ಟುಕೊಳ್ಳಲಾ?"

ನಮಸ್ಕಾರ. ಹೆಸರು ಬೇಡ ಎಂದಿದ್ದೀರಿ, ಹಾಕಿಲ್ಲ. ಹಾಕಿದ್ದರೂ ನಾಚಿಕೆ ಪಡುವಂಥದ್ದೇನೂ ಇರಲಿಲ್ಲ. ಅಂಚೆಚೀಟಿಯವರು, ಹಳೇ ಕ್ಯಾಮೆರಾದವರು, ಇಂಕ್ ಪೆನ್ನಿನವರು ಎಲ್ಲರೂ ಒಂದಲ್ಲ ಒಂದು ದಿನ ನಮಗೆ ಇದೇ ಪತ್ರ ಬರೆಯುತ್ತಾರೆ. ವಸ್ತುವಿನ ಹೆಸರು ಮಾತ್ರ ಬೇರೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಎಲ್ಲಾ ಮಾರಬೇಡಿ. ಬೆಲೆ ಬರುತ್ತದೆ ಎಂದೂ ಇಟ್ಟುಕೊಳ್ಳಬೇಡಿ. ಬಿಡಬೇಕಾದ್ದು ಆ ಪಟ್ಟಿಯನ್ನು.

212 ಜಾಸ್ತಿಯಾಯಿತು ಅಂತ ನನಗೆ ಅನ್ನಿಸುವುದಿಲ್ಲ. ಮನೆಯಲ್ಲಿ ಸಾವಿರ ಪುಸ್ತಕ ಇಟ್ಟುಕೊಂಡವರನ್ನು ನಾವು ಹೊಗಳುತ್ತೇವೆ, ಅಲ್ವಾ? ಅಷ್ಟನ್ನೂ ಓದಿದ್ದೀರಾ ಎಂದು ಯಾರೂ ಲೆಕ್ಕ ಕೇಳುವುದಿಲ್ಲ. ಹಾಗಾಗಿ ಸಂಖ್ಯೆಯ ತಂಟೆಗೆ ಹೋಗುವುದಿಲ್ಲ. ಮೊದಮೊದಲು ಯಾವ ಆಟ ಬೇಕು ಅಂತ ನೀವು ಆರಿಸುತ್ತಿದ್ದಿರಿ. ನಡುವೆ ಯಾವಾಗಲೋ ಆ ಕೆಲಸವನ್ನು ಎಕ್ಸೆಲ್ ಶೀಟಿಗೆ ಒಪ್ಪಿಸಿಬಿಟ್ಟಿರಿ. ಅಲ್ಲಿಂದೀಚೆಗೆ ನೀವು ಗೋದಾಮಿನ ಗುಮಾಸ್ತರು. ಅದೂ ಸಂಬಳವಿಲ್ಲದೆ, ಕೈಯಿಂದಲೇ ದುಡ್ಡು ಹಾಕಿ.

ಈ 296ರ ಪಟ್ಟಿ ಮಾಡಿದ್ದು ಯಾರು, ಯೋಚಿಸಿದ್ದೀರಾ? ಆಟದ ರುಚಿ ಗೊತ್ತಿದ್ದವರು ಯಾರೂ ಕೂತು ಆರಿಸಿದ್ದಲ್ಲ. 1996ರಿಂದ 2002ರವರೆಗೆ ಅಮೆರಿಕದ ಅಂಗಡಿಗಳಿಗೆ ಏನೇನು ಬಂತೋ ಅಷ್ಟೂ ಪಟ್ಟಿಯಲ್ಲಿದೆ. ಎಲ್ಲರೂ ಮೆಚ್ಚಿದ ಸೂಪರ್ ಮಾರಿಯೋ 64 ಇದೆ, ಗೋಲ್ಡನ್‌ಐ ಇದೆ, ಸರಿ. 1999ರ ಸೂಪರ್‌ಮ್ಯಾನ್ ಕೂಡ ಇದೆ. ಮಂಜು ಮುಸುಕಿದ ಊರಿನಲ್ಲಿ ಒಂದಾದ ಮೇಲೊಂದು ರಿಂಗಿನೊಳಗೆ ತೂರಿಕೊಂಡು ಹಾರುವುದೇ ಅದರಲ್ಲಿ ದೊಡ್ಡ ಕೆಲಸ. ಇದುವರೆಗೆ ಬಂದ ಅತಿ ಕೆಟ್ಟ ಆಟಗಳ ಮಾತು ಬಂದಾಗೆಲ್ಲ ಅದರ ಹೆಸರು ಬರುತ್ತದೆ. ಪಟ್ಟಿಗೆ ಇದೆಲ್ಲ ಗೊತ್ತಾಗುವುದಿಲ್ಲ, ಮೂರೂ ಒಂದೊಂದು ಸಾಲು. ನೀವು ಕಳಿಸಿದ ಬಾಕಿ 84ರ ಹಾಳೆ ಓದಿದೆ. ಅರ್ಧಕ್ಕರ್ಧ ಬೇಸ್‌ಬಾಲ್, ಅಮೆರಿಕನ್ ಫುಟ್‌ಬಾಲ್ ಮತ್ತು ಕುಸ್ತಿ. ಬೇಸ್‌ಬಾಲ್ ನೋಡುವವರಾ ನೀವು? ಪತ್ರದಲ್ಲಂತೂ ಹಾಗೆ ಕಾಣಲಿಲ್ಲ.

ಪೂರ್ತಿ ಸೆಟ್ ಮಾಡಲು ಹೊರಟವರಿಗೆಲ್ಲ ಕೊನೆಯ ಮೆಟ್ಟಿಲಲ್ಲಿ ಇನ್ನೊಂದು ಪೆಟ್ಟು ಕಾದಿರುತ್ತದೆ. ಜನ ಮುಗಿಬಿದ್ದು ಕೊಂಡ ಆಟ ಇವತ್ತಿಗೂ ಸುಲಭವಾಗಿ ಸಿಗುತ್ತದೆ, ಪ್ರತಿಗಳು ಅಷ್ಟಿವೆ. ಯಾರೂ ಕೊಳ್ಳದ ಆಟವೇ ಅಪರೂಪ, ಅದಕ್ಕೇ ದುಬಾರಿ. ನಿಮ್ಮ ಹಾಳೆಯಲ್ಲಿ 'ಕ್ಲೇಫೈಟರ್: ಸ್ಕಲ್ಪ್ಟರ್ಸ್ ಕಟ್' ಎದುರು ನಕ್ಷತ್ರದ ಗುರುತು ಹಾಕಿದ್ದೀರಿ. 1998ರಲ್ಲಿ ಅದು ಬಂದಿದ್ದು ಬ್ಲಾಕ್‌ಬಸ್ಟರ್ ಎಂಬ ವಿಡಿಯೋ ಅಂಗಡಿಗಳಲ್ಲಿ ಬಾಡಿಗೆಗೆ ಕೊಡುವುದಕ್ಕೆ ಮಾತ್ರ. ಹಾಗಾಗಿ ಪ್ರತಿ ಕಡಿಮೆ, ಬೆಲೆ ಆಕಾಶಕ್ಕೆ. ಒಳಗಿರುವುದು ಮಣ್ಣಿನ ಗೊಂಬೆಗಳು ಹೊಡೆದಾಡುವ ಸಾಧಾರಣ ಆಟ. ಸೆಟ್ಟಿನಲ್ಲಿ ಎಲ್ಲಕ್ಕಿಂತ ಹೆಚ್ಚು ದುಡ್ಡು ಕೊಡುವುದು ನೀವು ಎಲ್ಲಕ್ಕಿಂತ ಕಡಿಮೆ ಆಡುವ ಆಟಕ್ಕೆ.

ಇದಕ್ಕಿಂತ ತಮಾಷೆ 'ಸ್ಟೇಡಿಯಂ ಈವೆಂಟ್ಸ್' ಕಥೆ. ಇದು ನಿಂಟೆಂಡೊದ ಇನ್ನೂ ಹಳೇ ಯಂತ್ರವಾದ ಎನ್‌ಇಎಸ್ ಕಾಲದ್ದು. 1987ರಲ್ಲಿ ಬಂಡಾಯ್ ಕಂಪನಿ ಅಮೆರಿಕದಲ್ಲಿ ಒಂದು ಮ್ಯಾಟ್ ಮತ್ತು ಅದರ ಜೊತೆ ಆಡುವ ಈ ಆಟ ತಂದಿತು. ಟಿವಿ ಮುಂದೆ ಮ್ಯಾಟ್ ಹಾಸಿ ಅದರ ಮೇಲೆ ಓಡಬೇಕು. ಅಷ್ಟರಲ್ಲಿ ನಿಂಟೆಂಡೊ ಆ ಮ್ಯಾಟಿನ ಹಕ್ಕು ಪಡೆದು 'ಪವರ್ ಪ್ಯಾಡ್' ಎಂದು ಹೆಸರಿಟ್ಟಿತು. ಆಟಕ್ಕೂ 'ವರ್ಲ್ಡ್ ಕ್ಲಾಸ್ ಟ್ರ್ಯಾಕ್ ಮೀಟ್' ಎಂದು ಹೊಸ ಹೆಸರು. ಹಳೇ ಹೆಸರಿನ ಪ್ರತಿಗಳನ್ನು ಅಂಗಡಿಗಳಿಂದ ವಾಪಸ್ ತೆಗೆದುಕೊಂಡರು. ಆಟ ಅದೇ, ಓಟವೂ ಅದೇ. ಹೊಸ ಹೆಸರಿನದು ಪುಡಿಗಾಸಿಗೆ ಸಿಗುತ್ತದೆ. ಹಳೇ ಹೆಸರಿನ, ಸೀಲ್ ಒಡೆಯದ ಒಂದು ಪ್ರತಿ 2010ರಲ್ಲಿ 41,300 ಡಾಲರ್‌ಗೆ ಮಾರಾಟವಾಯಿತು. ಅಷ್ಟೂ ದುಡ್ಡು ಹೋಗಿದ್ದು ಮೇಲಿನ ಚೀಟಿಗೆ.

ಇನ್ನು "ಮುಂದೆ ಬೆಲೆ ಬರುತ್ತದೆ" ಎಂಬ ಮಾತು. 2021ರ ಜುಲೈನಲ್ಲಿ ಅಮೆರಿಕದ ಹೆರಿಟೇಜ್ ಹರಾಜಿನಲ್ಲಿ ಸೂಪರ್ ಮಾರಿಯೋ 64ರ ಒಂದು ಪ್ರತಿ 15 ಲಕ್ಷ 60 ಸಾವಿರ ಡಾಲರ್‌ಗೆ ಹೋಯಿತು. ಆ ಸುದ್ದಿ ಓದಿ ಎಷ್ಟೋ ಜನ ಅಟ್ಟ ಹತ್ತಿ ಹಳೇ ಪೆಟ್ಟಿಗೆ ಇಳಿಸಿರಬೇಕು. ಆದರೆ ಅದೇನು ಅಪರೂಪದ ಆಟವಾ? ಕೋಟಿಗೂ ಹೆಚ್ಚು ಪ್ರತಿ ಮಾರಾಟವಾದದ್ದು. ಆ ಬೆಲೆ ಬಂದಿದ್ದು ಸೀಲ್ ಒಡೆಯದ ಪ್ಲಾಸ್ಟಿಕ್ ಹೊದಿಕೆಗೆ, ಸ್ಥಿತಿ ನೋಡಿ ಅಂಕ ಹಾಕುವ ಗ್ರೇಡಿಂಗ್ ಕಂಪನಿ ಕೊಟ್ಟ 9.8 ಎಂಬ ಅಂಕಕ್ಕೆ. ನಿಮ್ಮ ಹತ್ತಿರ ಇರುವುದು ಬಿಡಿ ಕಾರ್ಟ್ರಿಜ್‌ಗಳು, ಅಂದರೆ ಯಂತ್ರಕ್ಕೆ ಸಿಕ್ಕಿಸುವ ಆಟದ ತುಂಡುಗಳು ಮಾತ್ರ. ಒಂದರ ಹಿಂದೆ ಮಾರ್ಕರ್ ಪೆನ್ನಿನಲ್ಲಿ ಯಾವುದೋ ಅಮೆರಿಕದ ಹುಡುಗನ ಹೆಸರೂ ಇದೆ ಎಂದು ಬರೆದಿದ್ದೀರಿ. ನನಗಂತೂ ಅದು ಬಹಳ ಇಷ್ಟವಾಯಿತು, ಹರಾಜಿನವರಿಗೆ ಇಷ್ಟವಾಗುವುದಿಲ್ಲ. ಕೊರೊನಾ ಸಮಯದಲ್ಲಿ ಎಲ್ಲರೂ ಮನೆಯಲ್ಲಿ ಕೂತಿದ್ದಾಗ ಹಳೇ ಆಟಗಳ ಬೆಲೆ ಜೋರಾಗಿ ಏರಿತು. ಆಮೇಲೆ ಎಷ್ಟೋ ಆಟಗಳದ್ದು ಇಳಿದೂ ಹೋಯಿತು. ದುಡ್ಡು ಬೆಳೆಯಬೇಕು ಅಂದರೆ ಬೇರೆ ದಾರಿಗಳಿವೆ. ಅವಕ್ಕೆ ಧೂಳು ಒರೆಸುವ ಕೆಲಸವಿಲ್ಲ.

ದುಡ್ಡಿನ ಮಾತು ಬಂದಿದ್ದಕ್ಕೆ ಒಂದು ಪ್ರಶ್ನೆ. ಉತ್ತರ ನನಗೆ ಬೇಡ, ನಿಮಗೆ ನೀವೇ ಹೇಳಿಕೊಂಡರೆ ಸಾಕು. ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಇಟ್ಟು ಕೊಂಡದ್ದು ಇದರಲ್ಲಿ ಏನಾದರೂ ಇದೆಯಾ? ಬೆಲೆ ಮುಚ್ಚಿಟ್ಟದ್ದು? ಮಂಚದ ಮೇಲೂ ಪೆಟ್ಟಿಗೆ, ನಡೆಯುವುದಕ್ಕೂ ಜಾಗವಿಲ್ಲ, ಒಂದನ್ನು ಎತ್ತಿ ಹೊರಗಿಡು ಎಂದರೆ ಕೈಕಾಲು ನಡುಗುತ್ತದೆ ಅನ್ನುವ ಸ್ಥಿತಿ ಬೇರೆ. 2013ರಿಂದ ಮನೋವೈದ್ಯರು ಅದನ್ನು ಒಂದು ಪ್ರತ್ಯೇಕ ಕಾಯಿಲೆಯಾಗಿಯೇ ಗುರುತಿಸುತ್ತಾರೆ. ಅದಕ್ಕೆ ಪತ್ರಿಕೆಯ ಸಂಪಾದಕ ಮದ್ದಲ್ಲ. ಬೆಂಗಳೂರಿನಲ್ಲೇ ಇದ್ದೀರಿ, ನಿಮ್ಹಾನ್ಸ್ ಇದೆ. ಆದರೆ ಕಪಾಟಿನಲ್ಲಿ ಸಾಲಾಗಿ ಜೋಡಿಸಿ, ಅಕ್ಷರಮಾಲೆಯ ಪ್ರಕಾರ ಪಟ್ಟಿ ಇಟ್ಟವರು ನೀವು. ಪತ್ರ ಓದಿದರೆ ನಿಮಗೆ ಹಿಡಿದಿರುವುದು ಬರೀ ಬೇಜಾರು ಅನ್ನಿಸುತ್ತದೆ.

ಡಿಜಿಟಲ್‌ಗೆ ಹೋದರೆ ಬೇಜಾರು ಹೋಗುತ್ತದಾ? ಜಾಗ ಉಳಿಯುತ್ತದೆ, ಅಷ್ಟು ನಿಜ. ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ಸೇಲ್ ಬಂದಾಗ ನೂರು-ಇನ್ನೂರು ರೂಪಾಯಿಗೆ ಒಂದರಂತೆ ಕೊಂಡು, ಡೌನ್‌ಲೋಡ್ ಕೂಡ ಮಾಡದೆ ಬಿಟ್ಟವರು ನಮ್ಮ ಕಚೇರಿಯಲ್ಲೇ ಇದ್ದಾರೆ. ಅಂಥದ್ದೇ ಇನ್ನೊಂದು ಅಂಗಡಿ ಎಪಿಕ್‌ನವರು 2018ರ ಕೊನೆಯಿಂದ ಸುಮ್ನೆ ಬಿಟ್ಟಿ ಆಟ ಕೊಡುತ್ತಾ ಬಂದಿದ್ದಾರೆ. ಬಿಟ್ಟಿಯದನ್ನೂ ಗುಡ್ಡೆ ಹಾಕಿಕೊಳ್ಳುತ್ತೇವೆ. ಅಲ್ಲಿ ಕೊಂಡದ್ದು ನಿಮ್ಮದೂ ಅಲ್ಲ. 2024ರ ಅಕ್ಟೋಬರ್‌ನಿಂದ ಸ್ಟೀಮ್ ದುಡ್ಡು ಕಟ್ಟುವ ಪುಟದಲ್ಲೇ ಬರೆದುಕೊಂಡಿದೆ: ನೀವು ಕೊಳ್ಳುತ್ತಿರುವುದು ಲೈಸೆನ್ಸ್ ಮಾತ್ರ. ನಿಂಟೆಂಡೊ 2023ರ ಮಾರ್ಚ್‌ನಲ್ಲಿ ತನ್ನ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಗಳ ಮಾರಾಟ ನಿಲ್ಲಿಸಿದಾಗ, ಅಲ್ಲಿ ಮಾತ್ರ ಸಿಗುತ್ತಿದ್ದ ಆಟಗಳನ್ನು ಹೊಸದಾಗಿ ಕೊಳ್ಳಲು ದಾರಿಯೇ ಇಲ್ಲದಾಯಿತು. ಅದಕ್ಕೇ ಕೈಯಲ್ಲಿರುವ ಕಾರ್ಟ್ರಿಜ್ ಮಾರಿ ಅತ್ತ ಹೋಗಿ ಎಂದು ನಾನು ಹೇಳುವುದಿಲ್ಲ.

ಗಿನ್ನೆಸ್ ದಾಖಲೆಯ ಆಸೆ ನಿಮಗಿಲ್ಲ ಅಂದುಕೊಂಡಿದ್ದೇನೆ. ಟೆಕ್ಸಾಸ್‌ನ ಆಂಟೋನಿಯೊ ರೊಮೆರೊ ಮೊಂಟೆಯ್ರೊ ಅವರ ಸಂಗ್ರಹ 2019ರಲ್ಲಿ ಎಣಿಸಿದಾಗ 20,139 ಆಟ. ದಿನಕ್ಕೊಂದು ಆಟ ಒಂದೇ ಗಂಟೆ ಆಡಿದರೂ 55 ವರ್ಷ ಬೇಕು. ಅವರಿಗೆ ಅದರಲ್ಲಿ ಸಂತೋಷವಿದ್ದರೆ ನಮ್ಮದೇನೂ ತಕರಾರಿಲ್ಲ. ನಿಮಗಿಲ್ಲ, ಅದಕ್ಕೇ ಪತ್ರ ಬರೆದಿರಿ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ವಿಷಯಕ್ಕೆ ಬರುತ್ತೇನೆ. 212ರ ಬಗ್ಗೆ ನಾಲ್ಕು ಪುಟ ಬರೆದಿದ್ದೀರಿ. ಕೊನೆಯಲ್ಲಿ, ಲೆಕ್ಕಕ್ಕೇ ಇಲ್ಲ ಎನ್ನುವ ಹಾಗೆ, ಒಂದು ರಟ್ಟಿನ ಡಬ್ಬದ ಮಾತು ಬರುತ್ತದೆ. ಅದರಲ್ಲಿ ಚಿಕ್ಕಂದಿನ ಸಮುರಾಯ್ ವಿಡಿಯೋ ಗೇಮ್ ಸೆಟ್, '64 ಇನ್ 1' ಎಂದು ಬರೆದ ಹಳದಿ ಕಾರ್ಟ್ರಿಜ್, ಬೆಂಗಳೂರಿನ ನ್ಯಾಷನಲ್ ಮಾರ್ಕೆಟ್ಟಿನಲ್ಲಿ ಕೊಂಡ ಪಿಎಸ್2 (ಸೋನಿಯ ಪ್ಲೇಸ್ಟೇಷನ್ 2) ಡಿಸ್ಕ್‌ಗಳು, ಜೊತೆಗೆ 'ಹನುಮಾನ್: ಬಾಯ್ ವಾರಿಯರ್'. ಇದ್ಯಾವುದೂ ನಿಮ್ಮ ಎಕ್ಸೆಲ್‌ನಲ್ಲಿ ಇಲ್ಲ!

ಸ್ವಾಮಿ, ಆ ಡಬ್ಬವನ್ನು ಅಟ್ಟದಿಂದ ಇಳಿಸಿ. ಎನ್64 ಆಟಗಳನ್ನು ಕಾಪಾಡುವವರು ಅಮೆರಿಕದಲ್ಲಿ ಸಾವಿರಾರು ಜನ ಇದ್ದಾರೆ. ಅಲ್ಲಿನ ರಾಚೆಸ್ಟರ್‌ನಲ್ಲಿ 'ದಿ ಸ್ಟ್ರಾಂಗ್' ಎಂಬ ಆಟಗಳ ದೊಡ್ಡ ಮ್ಯೂಸಿಯಂ ಇದೆ. ಅಷ್ಟಿದ್ದೂ, 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಂದ ಆಟಗಳಲ್ಲಿ ನೂರಕ್ಕೆ 87 ಇವತ್ತು ಮಾರಾಟದಲ್ಲಿ ಇಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು. ಅವರ ಕಥೆಯೇ ಹೀಗಾದರೆ ನಮ್ಮದೇನು? ಹನುಮಾನ್ ಆಟ 2009ರಲ್ಲಿ ಹೈದರಾಬಾದಿನ ಔರೋನಾ ಕಂಪನಿ ಪಿಎಸ್2ಗೆ ಮಾಡಿದ್ದು. ಭಾರತದಲ್ಲೇ ತಯಾರಾದ ಕನ್ಸೋಲ್ ಆಟಗಳಲ್ಲಿ ಮೊಟ್ಟಮೊದಲ ಸಾಲಿನದು. ಚೆನ್ನಾಗಿದೆಯಾ ಎಂದು ಕೇಳಿದರೆ, ಇಲ್ಲ, ಅಷ್ಟಕ್ಕಷ್ಟೇ. ಆದರೆ ಶಿವಮೊಗ್ಗ, ಹಾಸನ, ದಾವಣಗೆರೆಯ ಹುಡುಗರು ಬೇಸಿಗೆ ರಜೆಯಲ್ಲಿ ಆಡಿದ್ದು ನಿಂಟೆಂಡೊ 64 ಅಲ್ಲವಲ್ಲ. ಆಡಿದ್ದು ಇದನ್ನೇ, ಈ ಹಳದಿ ಕಾರ್ಟ್ರಿಜ್‌ಗಳನ್ನೇ. ಗಂಟೆಗಿಷ್ಟು ಎಂದು ದುಡ್ಡು ಕೊಟ್ಟು ವಿಡಿಯೋ ಗೇಮ್ ಪಾರ್ಲರಿನಲ್ಲಿ ಆಡಿದ್ದೂ ಇಂಥವನ್ನೇ. ಅವುಗಳ ಪಟ್ಟಿ ಯಾರೂ ಮಾಡಿಟ್ಟಿಲ್ಲ, ಪೂರ್ತಿ ಸೆಟ್ ಎಂಬುದೂ ಇಲ್ಲ. 64 ಇನ್ 1ರಲ್ಲಿ ನಿಜಕ್ಕೂ ಎಷ್ಟು ಆಟ ಇವೆ ಎಂದು ಒಂದು ಭಾನುವಾರ ಕೂತು ನೋಡಿ. ಒಂದೇ ಆಟ ಬೇರೆ ಬೇರೆ ಹೆಸರಲ್ಲಿ ಎಷ್ಟು ಸಲ ಬರುತ್ತದೆ ಬರೆದಿಡಿ. ನಮಗೆ ಕಳಿಸಿದರೆ ಛಾಪಿಸುತ್ತೇವೆ, ಇದು ಮಾತಿಗೆ ಹೇಳಿದ್ದಲ್ಲ.

ಎನ್64 ಕಪಾಟಿನ ವಿಷಯದಲ್ಲಿ ಅವಸರ ಬೇಡ. ಬೇಜಾರಿನಲ್ಲಿ ಮಾರಲು ಹೊರಟವರಿಗೆ ವ್ಯಾಪಾರಿಗಳು ಕೊಡುವ ಬೆಲೆ ಕೇಳಿದರೆ ಬೇಜಾರು ಇನ್ನೂ ಜಾಸ್ತಿಯಾಗುತ್ತದೆ. ಮೊದಲು ಬರೀ ಕೊಳ್ಳುವುದನ್ನು ನಿಲ್ಲಿಸಿ. ಎಕ್ಸೆಲ್ ಫೈಲನ್ನು ಅಕ್ಕನಿಗೆ ಮೇಲ್ ಮಾಡಿ ನಿಮ್ಮ ಲ್ಯಾಪ್‌ಟಾಪಿನಿಂದ ಅಳಿಸಿಬಿಡಿ. ಅಮ್ಮನ ಔಷಧಿಗೆ, ಮಕ್ಕಳ ಬಟ್ಟೆಗೆ ಸೂಟ್‌ಕೇಸಿನಲ್ಲಿ ಜಾಗ ಸಾಲುತ್ತಿಲ್ಲ ಎಂದು ಅವರು ಹೋದ ಸಲವೇ ಹೇಳಿದ್ದರಂತೆ, ಖುಷಿಪಡುತ್ತಾರೆ. ಆಮೇಲೆ ಕಪಾಟಿನ ಮುಂದೆ ನಿಂತು, ಬೇರೆ ಯಾರಾದರೂ ಕೇಳಿದರೆ ಈ ಆಟದ ಬಗ್ಗೆ ಎರಡು ಮಾತು ಹೇಳಬಲ್ಲೆನಾ ಎಂದು ನೋಡಿ. ಹೇಳಲು ಏನೂ ಇಲ್ಲದವು ಒಂದು ಪೆಟ್ಟಿಗೆಗೆ ಹೋಗಲಿ. ಆರು ತಿಂಗಳು ಆ ಪೆಟ್ಟಿಗೆಯ ನೆನಪೇ ಬರಲಿಲ್ಲ ಎಂದರೆ ಮಾರಿ, ಇಲ್ಲ ಯಾರಿಗಾದರೂ ಕೊಡಿ. ಪಕ್ಕದ ಮನೆಯ ಹುಡುಗ ಬಂದು ಕಪಾಟು ನೋಡಿ ಹೋಗುತ್ತಾನೆ, ಮುಟ್ಟಲು ಬಿಡುವುದಿಲ್ಲ ಎಂದಿದ್ದೀರಲ್ಲ. ಬಿಡಿ. ನಾಲ್ಕು ಕಂಟ್ರೋಲರ್ ಹಾಕಲು ಜಾಗವಿರುವ ಯಂತ್ರ ಅದು, ಒಬ್ಬರೇ ಕೂತು ಧೂಳು ಒರೆಸಲು ಮಾಡಿದ್ದಲ್ಲ. ಮಾರಿಯೋ ಕಾರ್ಟ್ ಹಾಕಿ ಕೊಡಿ. ನಿಮ್ಮ ಮನೆಯವರನ್ನೂ ಕರೆಯಿರಿ. ಅವರು ಏನೂ ಅನ್ನದೆ ಇರುವುದು ಯಾಕೆ ಎಂದು ನನಗೆ ಗೊತ್ತಾಗುವಂತಿಲ್ಲ, ಅವರನ್ನೇ ಕೇಳಬಹುದಲ್ಲ.

ಇನ್ನು ತಾಜಾಕಲಂ. ಅದನ್ನು ಮೇಲೆ ಕೊಡದೆ ಇಲ್ಲಿಗೇ ಎತ್ತಿಟ್ಟಿದ್ದೆ. ಅಕ್ಕ ಮೊದಲ ಸಲ ತಂದ 'ಒಕರಿನಾ ಆಫ್ ಟೈಮ್' ಆಟದಲ್ಲಿ ಸೇವ್, ಅಂದರೆ ಎಲ್ಲಿಯವರೆಗೆ ಆಡಿದ್ದೀರಿ ಎಂಬ ದಾಖಲೆ, ನಿಲ್ಲುತ್ತಿಲ್ಲ, ಸ್ವಿಚ್ ಆಫ್ ಮಾಡಿದರೆ ಹೋಗುತ್ತದೆ, ಕಾರ್ಟ್ರಿಜ್ ನಕಲಿ ಇರಬಹುದಾ ಎಂದು ಕೇಳಿದ್ದೀರಿ. ಸೇವ್ ನಿಲ್ಲುತ್ತಿಲ್ಲ ಎಂದು ಗೊತ್ತಾಗಬೇಕಾದರೆ ಯಾರೋ ಕೂತು ಆಡಿರಬೇಕಲ್ವಾ? ಮೂರು ವರ್ಷದ ಲೆಕ್ಕ ಹೇಳಿದವರು ಇದನ್ನು ಯಾಕೆ ಹೇಳಲಿಲ್ಲ?

ಸೇವ್ ಹೋಗುತ್ತದೆ ಎಂದಮಾತ್ರಕ್ಕೆ ನಕಲಿ ಎನ್ನಲಾಗದು. 1998ರ ಆ ಕಾರ್ಟ್ರಿಜ್‌ನೊಳಗೆ ಸಿಆರ್2032 ಬ್ಯಾಟರಿ ಇದೆ. ಸೇವ್ ಉಳಿಯುವುದು ಅದರ ಬಲದಿಂದ. ಇಷ್ಟು ವರ್ಷಕ್ಕೆ ಅದು ಸತ್ತಿದ್ದರೆ ಆಶ್ಚರ್ಯವಿಲ್ಲ. ಸೂಪರ್ ಮಾರಿಯೋ 64ಗೆ ಈ ತೊಂದರೆ ಬರುವುದಿಲ್ಲ, ಅದರ ಸೇವ್ ಬ್ಯಾಟರಿ ಬೇಡದ ಬೇರೆ ಥರದ ಮೆಮೊರಿ ಚಿಪ್‌ನಲ್ಲಿ ಇರುತ್ತದೆ. ಕಾರ್ಟ್ರಿಜ್ ಬಿಚ್ಚಲು ಮಾಮೂಲಿ ಸ್ಕ್ರೂಡ್ರೈವರ್ ಆಗುವುದಿಲ್ಲ, 3.8 ಮಿ.ಮೀ. ಗೇಮ್‌ಬಿಟ್ ಎಂಬ ವಿಶೇಷ ಸ್ಕ್ರೂಡ್ರೈವರ್ ಬೇಕು. ಬ್ಯಾಟರಿ ಕೊಳ್ಳುವಾಗ ಎರಡು ಕಡೆ ತಗಡಿನ ಕಾಲು ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಬರೀ ಬ್ಯಾಟರಿಗೆ ನೇರವಾಗಿ ಬೆಸುಗೆ ಹಾಕಲು ಹೋದರೆ ಬಿಸಿಗೆ ಸಿಡಿಯಬಹುದು. ಪ್ಲಸ್, ಮೈನಸ್ ಯಾವ ಕಡೆ ಇತ್ತು ಎಂದು ತೆಗೆಯುವ ಮೊದಲೇ ಫೋಟೋ ಹೊಡೆದುಕೊಳ್ಳಿ. ಬೆಸುಗೆ ಅಭ್ಯಾಸವಿಲ್ಲದಿದ್ದರೆ ಎಸ್‌ಪಿ ರಸ್ತೆಯಲ್ಲಿ ಮೊಬೈಲ್ ರಿಪೇರಿ ಮಾಡುವ ಯಾರಾದರೂ ಹತ್ತು ನಿಮಿಷದಲ್ಲಿ ಹಾಕಿಕೊಡುತ್ತಾರೆ. ಹಳೇ ಸೇವ್ ವಾಪಸ್ ಬರುವುದಿಲ್ಲ. ಆಟ ಶುರುವಾಗುವ ಕೊಕಿರಿ ಕಾಡಿನಿಂದಲೇ ಮತ್ತೆ ಶುರು ಮಾಡಬೇಕಾಗುತ್ತದೆ.

– ಸಂ.